ಕಾಡು ತೋರಿಸುವವರ ಕೆಲಸ ಹೇಗೆ ಬದಲಾಯಿತು?

(ಬ್ಲಾಕಿನ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಈ ದಿನ ನಾನು ತಮ್ಮ ಮುಂದೆ ಬೀಜ, ಗೊಬ್ಬರಗಳ ಮಾತನ್ನು ಆಡುವವನಲ್ಲ. ಕಾಡನ್ನು ಜನರಿಗೆ ತೋರಿಸಿ, ಅದರ ವಿಚಾರವನ್ನು ತಿಳಿಯ ಹೇಳುವ ಒಂದು ವರ್ಗದ ಕೆಲಸಗಾರರನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಅಮೆರಿಕ ದೇಶದಲ್ಲಿ ಇವರ ಕಸುಬು ಹುಟ್ಟಿ ನೂರು ವರ್ಷಗಳಿಗೂ ಮೇಲಾಯಿತು. ಇಂಗ್ಲಿಷಿನಲ್ಲಿ ಇವರಿಗೆ ನ್ಯಾಚುರಲಿಸ್ಟ್ ಎಂದು ಹೆಸರು. ನಾವು ನಿಸರ್ಗತಜ್ಞರು ಎಂದು ಕರೆಯೋಣ.

"ಅಮೆರಿಕದ ಕಾಡು ತೋರಿಸುವವರಿಂದ ನಮಗೇನಾಗಬೇಕು?" ಎಂದು ತಾವು ಕೇಳಬಹುದು. ಕೇಳುವುದು ನ್ಯಾಯವೇ. ಕಾಡಂಚಿನ ರೈತನಿಗೆ ಕಾಡೆಂದರೆ ರಾಗಿ ಹೊಲಕ್ಕೆ ನುಗ್ಗುವ ಆನೆ, ಅವರೆಯ ಚಿಗುರನ್ನು ಮೇಯುವ ಜಿಂಕೆ, ಗೆಣಸಿನ ಸಾಲನ್ನು ಅಗೆಯುವ ಹಂದಿ. ಪೇಟೆಯಿಂದ ಬರುವವರಿಗೆ ಅದೇ ಕಾಡು ಒಂದು ದಿನದ ಸಂತೋಷ. ಇಬ್ಬರೂ ನೋಡುವುದು ಒಂದೇ ಕಾಡನ್ನು. ಆದರೆ ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗುವುದಿಲ್ಲ. ಇವರ ನಡುವೆ ನಿಂತು ಕಾಡಿನ ನಿಜಸ್ಥಿತಿಯನ್ನು ಇಬ್ಬರಿಗೂ ಹೇಳಬೇಕಾದವನೇ ನಿಸರ್ಗತಜ್ಞ. ಆತ ಈ ಕೆಲಸಕ್ಕೆ ಬಂದು ಮುಟ್ಟಿದ್ದು ಹೇಗೆ ಎಂಬುದನ್ನು ತಿಳಿದರೆ, ಅವನಿಂದ ನಾವೇನು ಕೇಳಬಹುದು, ಅವನಿಗೆ ನಾವೇನು ಹೇಳಬಹುದು ಎಂಬುದೂ ತಿಳಿಯುತ್ತದೆ.

ರಾಜ್ಯ ಉದ್ಯಾನ ಎಂದರೇನು?

ಉದ್ಯಾನ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಹೂವಿನ ಪಾತಿ, ಕತ್ತರಿಸಿದ ಹುಲ್ಲು. ಅಮೆರಿಕದ ರಾಜ್ಯ ಉದ್ಯಾನಗಳು ಹಾಗಲ್ಲ. ಇವು ಕಾಡು, ಕೆರೆ, ಕಣಿವೆ, ಕಡಲ ತೀರಗಳನ್ನು ಒಳಗೊಂಡ ವಿಸ್ತಾರವಾದ ಪ್ರದೇಶಗಳು. ರಾಷ್ಟ್ರೀಯ ಉದ್ಯಾನಗಳನ್ನು ಅಲ್ಲಿಯ ಕೇಂದ್ರ ಸರ್ಕಾರ ನೋಡಿಕೊಂಡರೆ, ರಾಜ್ಯ ಉದ್ಯಾನಗಳನ್ನು ಆಯಾ ರಾಜ್ಯ ಸರ್ಕಾರ ನೋಡಿಕೊಳ್ಳುತ್ತದೆ. ಅಲ್ಲಿಯ 50 ರಾಜ್ಯಗಳಲ್ಲಿಯೂ ಇಂಥ ಉದ್ಯಾನಗಳುಂಟು.

1864ರಲ್ಲಿ ಯೋಸೆಮಿಟಿ ಎಂಬ ಸುಂದರ ಕಣಿವೆಯನ್ನು ಕ್ಯಾಲಿಫೋರ್ನಿಯ ರಾಜ್ಯದ ವಶಕ್ಕೆ ಕೊಟ್ಟು, ಅದು ಸಾರ್ವಜನಿಕರ ಉಪಯೋಗಕ್ಕೇ ಇರತಕ್ಕದ್ದು ಎಂದು ಕಾನೂನು ಮಾಡಿದರು. ಕಾನೂನಿಗೆ ರುಜು ಹಾಕಿದವರು ಅಧ್ಯಕ್ಷ ಅಬ್ರಹಾಂ ಲಿಂಕನ್. ಮುಂದೆ 1906ರಲ್ಲಿ ಆ ಕಣಿವೆ ಕೇಂದ್ರದ ವಶಕ್ಕೆ ಮರಳಿತು. ನಯಾಗರ ಜಲಪಾತದ ಕಥೆ ಇನ್ನೂ ಸ್ವಾರಸ್ಯವಾದದ್ದು. ಜಲಪಾತದ ಸುತ್ತಲ ಜಮೀನಿನ ಒಡೆಯರು ಬೇಲಿ ಕಟ್ಟಿ, ನೋಡಬಂದವರಿಂದ ಕಾಸು ವಸೂಲು ಮಾಡುತ್ತಿದ್ದರು. ನ್ಯೂಯಾರ್ಕ್ ರಾಜ್ಯ ಆ ಜಮೀನನ್ನು ಕೊಂಡು, 1885ರಲ್ಲಿ ಎಲ್ಲರಿಗೂ ತೆರೆದಿಟ್ಟಿತು. 1891ರಲ್ಲಿ ಮಿನ್ನೆಸೋಟ ರಾಜ್ಯ ಮಿಸ್ಸಿಸ್ಸಿಪ್ಪಿ ನದಿ ಹುಟ್ಟುವ ಜಾಗವನ್ನು ಇಟಾಸ್ಕ ಉದ್ಯಾನವೆಂದು ಕಾಪಾಡಿತು. ಜಾಗವನ್ನು ಉಳಿಸಿದ್ದಾಯಿತು. ಆದರೆ ಬಂದವರು ಏನನ್ನು ನೋಡಬೇಕು, ನೋಡಿದ್ದನ್ನು ಹೇಗೆ ತಿಳಿಯಬೇಕು ಎಂದು ಹೇಳುವವರು ಇರಲಿಲ್ಲ.

ಹೆಸರು ಹೇಳುವ ಕಾಲ

ಈ ಕೊರತೆಯನ್ನು ಮೊದಲು ಕಂಡವರಲ್ಲಿ ಈನಾಸ್ ಮಿಲ್ಸ್ ಒಬ್ಬರು. ಕಾನ್ಸಾಸ್ ರಾಜ್ಯದ ಬೇಸಾಯಗಾರರ ಮನೆಯಲ್ಲಿ 1870ರಲ್ಲಿ ಹುಟ್ಟಿದ ಇವರು ಹುಡುಗನಾಗಿರುವಾಗಲೇ ಕೊಲರಾಡೊ ರಾಜ್ಯದ ಬೆಟ್ಟಗಳಿಗೆ ಹೋದರು. ಅಲ್ಲಿಯ ಲಾಂಗ್ಸ್ ಪೀಕ್ ಎಂಬ ಎತ್ತರದ ಶಿಖರಕ್ಕೆ ಇನ್ನೂರಕ್ಕೂ ಹೆಚ್ಚು ಬಾರಿ ಜನರನ್ನು ಕರೆದೊಯ್ದರು. ಶಿಖರ ಹತ್ತಿಸುವುದೊಂದೇ ಕೆಲಸವಲ್ಲ, ದಾರಿಯಲ್ಲಿ ಗಿಡ, ಹಕ್ಕಿ, ಕಲ್ಲುಗಳ ಬಾಳನ್ನು ತಿಳಿಸಬೇಕು ಎಂಬುದು ಅವರ ಮತ. ತಮ್ಮ ವಸತಿಗೃಹದಲ್ಲಿಯೇ ಮಾರ್ಗದರ್ಶಕರಿಗೆ ತರಬೇತಿ ಕೊಟ್ಟರು. ಅಲ್ಲಿ ಕಲಿತ ಎಸ್ತರ್ ಮತ್ತು ಎಲಿಜಬೆತ್ ಬರ್ನೆಲ್ ಎಂಬ ಅಕ್ಕತಂಗಿಯರು 1917ರಲ್ಲಿ ಸರ್ಕಾರದ ಪರವಾನಗಿ ಪಡೆದು ಈ ಕೆಲಸಕ್ಕಿಳಿದರು. ಹೆಣ್ಣುಮಕ್ಕಳಿಗೆ ಇದು ಆಗದ ಕೆಲಸವೆಂಬ ಮಾತು ಅಂದೇ ಸುಳ್ಳಾಯಿತು.

1919ರಲ್ಲಿ ಕ್ಯಾಲಿಫೋರ್ನಿಯದ ಟಾಹೋ ಸರೋವರದ ಬಳಿ ಲಾಯ್ ಮಿಲ್ಲರ್ ಎಂಬ ಅಧ್ಯಾಪಕರು ಹಕ್ಕಿಗಳನ್ನು ಕುರಿತು ಉಪನ್ಯಾಸ ಮಾಡುತ್ತಿದ್ದರು. ಕೇಳಲು ನೆರೆದ ಜನವನ್ನು ಕಂಡು ರಾಷ್ಟ್ರೀಯ ಉದ್ಯಾನಗಳ ಮುಖ್ಯಾಧಿಕಾರಿ ಸ್ಟೀಫನ್ ಮೇದರ್ ಬೆರಗಾದರು. ಮರುವರ್ಷವೇ ಮಿಲ್ಲರ್ ಮತ್ತು ಹೆರಾಲ್ಡ್ ಬ್ರಯಂಟ್ ಇಬ್ಬರನ್ನೂ ಯೋಸೆಮಿಟಿಗೆ ಕರೆಸಿದರು. ಇಂಡಿಯಾನ ರಾಜ್ಯ ತನ್ನ ರಾಜ್ಯ ಉದ್ಯಾನಗಳಲ್ಲಿ 1923ರಲ್ಲಿ ಈ ಸೇವೆಯನ್ನು ಆರಂಭಿಸಿತು. 1925ರಲ್ಲಿ ನ್ಯೂಯಾರ್ಕಿನ ಕಾಡಿನಲ್ಲಿ ಫ್ರಾಂಕ್ ಲುಟ್ಜ್ ಎಂಬ ಕೀಟಶಾಸ್ತ್ರಜ್ಞರು ಕಾಲುದಾರಿಯ ಪಕ್ಕದ ಗಿಡಮರಗಳಿಗೆ ವಿವರದ ಚೀಟಿಗಳನ್ನು ಕಟ್ಟಿದರು. ಪಕ್ಕದಲ್ಲೇ ಇನ್ನೊಂದು ದಾರಿ. ಅಲ್ಲಿಯ ಚೀಟಿಗಳಲ್ಲಿ ಪ್ರಶ್ನೆಗಳು ಮಾತ್ರ. ಮೊದಲ ದಾರಿಯಲ್ಲಿ ಕಲಿತದ್ದನ್ನು ಎರಡನೆಯ ದಾರಿಯಲ್ಲಿ ಪರೀಕ್ಷಿಸಿಕೊಳ್ಳಬಹುದಾಗಿತ್ತು.

1933ರಿಂದ 1942ರವರೆಗೆ, ದೊಡ್ಡ ನಿರುದ್ಯೋಗದ ಕಾಲದಲ್ಲಿ, ಅಮೆರಿಕ ಸರ್ಕಾರ ಸುಮಾರು 30 ಲಕ್ಷ ತರುಣರಿಗೆ ಕಾಡು, ನೆಲಗಳನ್ನು ಕಾಪಾಡುವ ಕೆಲಸ ಕೊಟ್ಟಿತು. ಅವರು ಸುಮಾರು 300 ಕೋಟಿ ಸಸಿಗಳನ್ನು ನೆಟ್ಟರು. ನೂರಾರು ರಾಜ್ಯ ಉದ್ಯಾನಗಳಲ್ಲಿ ದಾರಿ, ಸೇತುವೆ, ತಂಗುಮನೆಗಳನ್ನು ಕಟ್ಟಿದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಕಾರುಗಳಲ್ಲಿ ಜನ ತಂಡತಂಡವಾಗಿ ಬರತೊಡಗಿದರು. ಸಂಜೆ ಬೆಂಕಿಯ ಸುತ್ತ ಕೂಡಿಸಿ ಕಥೆ ಹೇಳುವುದು, ಹಗಲು ಕಾಡಿನಲ್ಲಿ ನಡೆಸಿ "ಇದು ಇಂಥ ಮರ, ಅದು ಇಂಥ ಹಕ್ಕಿ" ಎಂದು ತೋರಿಸುವುದು, ಇದೇ ನಿಸರ್ಗತಜ್ಞನ ದಿನಚರಿಯಾಯಿತು.

ಹೆಸರು ಸಾಲದು

ಹೆಸರು ತಿಳಿದ ಮಾತ್ರಕ್ಕೆ ಕಾಡು ತಿಳಿಯಿತೇ? ಹತ್ತು ತಳಿ ಭತ್ತದ ಹೆಸರನ್ನು ಬಾಯಿಪಾಠ ಮಾಡಿದವನು ಒಕ್ಕಲಿಗನಾಗುವನೇ? ಈ ಮಾತನ್ನು ಬಲವಾಗಿ ಎತ್ತಿದವರು ಫ್ರೀಮನ್ ಟಿಲ್ಡನ್. ಇವರು ವಿಜ್ಞಾನಿಯಲ್ಲ, ಪತ್ರಿಕೆಗಳಿಗೆ ಬರೆಯುತ್ತಿದ್ದವರು. ಉದ್ಯಾನಗಳನ್ನು ಸುತ್ತಿ ನೋಡಿ 1957ರಲ್ಲಿ ಒಂದು ಪುಸ್ತಕ ಬರೆದರು. 1962ರಲ್ಲಿ ರಾಜ್ಯ ಉದ್ಯಾನಗಳನ್ನು ಕುರಿತೇ ಮತ್ತೊಂದನ್ನು ಬರೆದರು. ಅವರ ಅಭಿಪ್ರಾಯದ ಸಾರ ಇಷ್ಟು: ಕೇಳುವವನ ಬಾಳಿಗೆ ತಗುಲದ ವಿವರ ನಿಷ್ಪ್ರಯೋಜಕ, ವಿವರಗಳನ್ನು ಸುರಿಯುವುದಕ್ಕಿಂತ ಕೇಳುವವನಲ್ಲಿ ಯೋಚನೆಯನ್ನು ಎಬ್ಬಿಸುವುದು ಮುಖ್ಯ, ಮಕ್ಕಳಿಗೆ ಹೇಳುವ ರೀತಿಯೇ ಬೇರೆ ಇರಬೇಕು.

ಇದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ: ಕಾಡಿನ ನೆಲದಲ್ಲಿ ತರಗೆಲೆ ಕೊಳೆತು ಮಣ್ಣಾಗುವುದನ್ನು ರೈತನಿಗೆ ಶಾಸ್ತ್ರದ ಹೆಸರುಗಳಿಂದ ವಿವರಿಸಬೇಕಾಗಿಲ್ಲ. "ಇದು ಕಾಡಿನ ತಿಪ್ಪೆಗುಂಡಿ, ಯಾರೂ ತೋಡದೆ ತಾನೇ ಆದದ್ದು" ಎಂದರೆ ಸಾಕು. ಮುಂದಿನದನ್ನು ಅವನೇ ಯೋಚಿಸುತ್ತಾನೆ. ಬೇರೆಲ್ಲ ಕಡೆ ಬತ್ತಿದರೂ ಕಾಡಿನ ಹಳ್ಳದಲ್ಲಿ ನೀರು ಏಕೆ ಉಳಿದಿದೆ ಎಂಬ ಪ್ರಶ್ನೆ ಅವನಿಗೇ ಹುಟ್ಟುತ್ತದೆ.

ಅಪ್ರಿಯ ಸತ್ಯವನ್ನು ಹೇಳುವ ಕಾಲ

ಮುಂದೆ ನಿಸರ್ಗತಜ್ಞನಿಗೆ ಇನ್ನೂ ಕಷ್ಟದ ಹೊಣೆ ಬಂತು. ಇಂಡಿಯಾನ ರಾಜ್ಯದ ಜಿಂಕೆಗಳ ವೃತ್ತಾಂತ ಇದಕ್ಕೆ ಒಳ್ಳೆಯ ನಿದರ್ಶನ.

19ನೆಯ ಶತಮಾನ ಮುಗಿಯುವ ಹೊತ್ತಿಗೆ ಆ ರಾಜ್ಯದಲ್ಲಿ ಬೇಟೆಯಿಂದಲೂ ಕಾಡು ಕಡಿದದ್ದರಿಂದಲೂ ಬಿಳಿಬಾಲದ ಜಿಂಕೆಗಳು ನಿರ್ಮೂಲವಾಗಿದ್ದವು. 1934ರಿಂದ ಬೇರೆ ರಾಜ್ಯಗಳಿಂದ ಜಿಂಕೆಗಳನ್ನು ತಂದು ಬಿಟ್ಟರು. ಅವು ಚೆನ್ನಾಗಿ ಹೆಚ್ಚಿದವು. ಅವನ್ನು ಹಿಡಿದು ತಿನ್ನುವ ತೋಳ, ಬೆಟ್ಟದ ಸಿಂಹಗಳು ಆ ರಾಜ್ಯದಲ್ಲಿ ಮೊದಲೇ ಇಲ್ಲವಾಗಿದ್ದವು. ಉದ್ಯಾನಗಳೊಳಗೆ ಬೇಟೆಗೆ ಅವಕಾಶವಿರಲಿಲ್ಲ. ಸುಮಾರು 16 ಸಾವಿರ ಎಕರೆಯ ಬ್ರೌನ್ ಕೌಂಟಿ ರಾಜ್ಯ ಉದ್ಯಾನದಲ್ಲಿ ಜಿಂಕೆಗಳು ಮಿತಿಮೀರಿದವು. ಬಂದವರಿಗೆ ಆನಂದವೋ ಆನಂದ; ಕಣ್ಣು ಹಾಯಿಸಿದಲ್ಲೆಲ್ಲ ಜಿಂಕೆ! ಆದರೆ ನೆಲದ ಮೇಲೆ ಏನಾಗಿತ್ತು? ಜಿಂಕೆಯ ಬಾಯಿಗೆಟುಕುವ ಎತ್ತರದವರೆಗೆ ಹಸುರು ಬರಿದಾಗಿತ್ತು. ವಸಂತದಲ್ಲಿ ಅರಳುತ್ತಿದ್ದ ಮೂರೆಸಳಿನ ಟ್ರಿಲಿಯಂ ಮೊದಲಾದ ಹೂಗಳು ಕಾಣದಾದವು. ಮರದ ಸಸಿಗಳು ಮೇಲೇಳಲಿಲ್ಲ. ದೊಡ್ಡ ಮರಗಳು ನಿಂತಿದ್ದವು. ಅವುಗಳ ಮಕ್ಕಳು ಮಾತ್ರ ಇರಲಿಲ್ಲ.

ಜಿಂಕೆಗಳನ್ನು ತೋರಿಸಿ ಜನರನ್ನು ಮೆಚ್ಚಿಸುತ್ತಿದ್ದ ನಿಸರ್ಗತಜ್ಞನೇ ಈಗ ಜನರೆದುರು ನಿಂತು "ಈ ಜಿಂಕೆಗಳು ಕಾಡನ್ನೇ ತಿನ್ನುತ್ತಿವೆ, ಇವುಗಳ ಸಂಖ್ಯೆ ಕಡಮೆಯಾಗಬೇಕು" ಎಂದು ಹೇಳಬೇಕಾಯಿತು. ಅನೇಕರಿಗೆ ಈ ಮಾತು ಹಿಡಿಸಲಿಲ್ಲ. ವಿರೋಧವೂ ಬಂತು. ಕೊನೆಗೆ 1993ರಲ್ಲಿ, ಉದ್ಯಾನವನ್ನು ಸಂದರ್ಶಕರಿಗೆ ಮುಚ್ಚಿ, ಸರ್ಕಾರದ ನಿಯಂತ್ರಣದಲ್ಲಿ ಮೊದಲ ಬಾರಿಗೆ ಜಿಂಕೆಗಳನ್ನು ಕಡಮೆ ಮಾಡಿದರು. ಅಲ್ಲಿಂದೀಚೆಗೆ ನೆಲದ ಗಿಡಗಳ ಸ್ಥಿತಿಯನ್ನು ನೋಡಿ, ಯಾವ ಉದ್ಯಾನದಲ್ಲಿ ಅಗತ್ಯವೋ ಅಲ್ಲಿ ಮಾತ್ರ ಈ ಕ್ರಮವನ್ನು ಅನುಸರಿಸುತ್ತಾರೆ.

ಇಂಥ ವಿಷಯವನ್ನು ಜನರಿಗೆ ಮನಗಾಣಿಸಲು ಒಂದು ಸುಲಭೋಪಾಯವುಂಟು. ಕಾಡಿನ ಒಂದು ತುಂಡಿಗೆ ಎತ್ತರದ ಬೇಲಿ ಹಾಕಿ ಜಿಂಕೆ ಹೋಗದಂತೆ ಮಾಡುವುದು. ಕೆಲವು ವರ್ಷಗಳ ಮೇಲೆ ಬೇಲಿಯ ಒಳಗನ್ನೂ ಹೊರಗನ್ನೂ ಜನ ಹೋಲಿಸಿ ನೋಡಬಹುದು. ಅಮೆರಿಕದ ಹಲವು ಕಾಡುಗಳಲ್ಲಿ ಹೀಗೆ ಮಾಡಿದ್ದಾರೆ. ನಮ್ಮ ಕೃಷಿ ಇಲಾಖೆಯವರು ಗೊಬ್ಬರ ಹಾಕಿದ ಸಾಲನ್ನೂ ಹಾಕದ ಸಾಲನ್ನೂ ಅಕ್ಕಪಕ್ಕದಲ್ಲಿ ಬೆಳೆದು ತೋರಿಸುತ್ತಾರಲ್ಲವೇ? ಇದೂ ಹಾಗೆಯೇ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಅಲ್ಲಿಯ ಕ್ರಮವನ್ನು ಇಲ್ಲಿ ಅನುಸರಿಸಬೇಕೆಂದು ನಾನು ಹೇಳುತ್ತಿಲ್ಲ. ನಮ್ಮ ಕಾಡುಗಳಲ್ಲಿ ಹುಲಿ, ಚಿರತೆ, ಸೀಳುನಾಯಿಗಳಿವೆ. ಜಿಂಕೆಗಳ ಲೆಕ್ಕವನ್ನು ಅವು ನೋಡಿಕೊಳ್ಳುತ್ತವೆ. ಅಲ್ಲದೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಇಲ್ಲಿ ಬೇಟೆ ಅಪರಾಧ. ನಾವು ಕಲಿಯಬೇಕಾದದ್ದು ಬೇಟೆಯನ್ನಲ್ಲ. ಕಾಡಿನ ಕೇಡನ್ನು ಮುಚ್ಚಿಡದೆ ಜನರಿಗೆ ತೋರಿಸುವ ಪ್ರಾಮಾಣಿಕತೆಯನ್ನು.

ಕೈಯಿಂದ ಮಾಡುವ ಕೆಲಸ

ಮಾತಿನ ಜೊತೆಗೆ ಕೈಕೆಲಸವೂ ಸೇರಿತು. ಯುರೋಪಿನಿಂದ ವಲಸೆ ಬಂದವರು ಅಡಿಗೆಗೆಂದು ತಂದ ಗಾರ್ಲಿಕ್ ಮಸ್ಟರ್ಡ್ ಎಂಬ ಗಿಡ ಅಮೆರಿಕದ ಕಾಡುಗಳಿಗೆ ಕಳೆಯಾಯಿತು. ಅದು ಸಾಸಿವೆಯ ಜಾತಿ. ಎಲೆ ಉಜ್ಜಿದರೆ ಬೆಳ್ಳುಳ್ಳಿಯ ವಾಸನೆ. ಜಿಂಕೆ ಅದನ್ನು ಬಿಟ್ಟು ಕಾಡಿನ ಸ್ವಂತ ಗಿಡಗಳನ್ನೇ ತಿನ್ನುವುದರಿಂದ ಅದು ಇನ್ನಷ್ಟು ಹಬ್ಬುತ್ತದೆ. ಬೀಜ ಹಲವು ವರ್ಷ ಮಣ್ಣಿನಲ್ಲಿ ಉಳಿಯುತ್ತದೆ. ಪ್ರತಿ ವಸಂತದಲ್ಲಿ ಅನೇಕ ರಾಜ್ಯ ಉದ್ಯಾನಗಳ ನಿಸರ್ಗತಜ್ಞರು ಸುತ್ತಲ ಊರಿನವರನ್ನೂ ಶಾಲೆಯ ಮಕ್ಕಳನ್ನೂ ಕೂಡಿಸಿಕೊಂಡು, ಬೀಜ ಕಟ್ಟುವ ಮೊದಲೇ ಅದನ್ನು ಬೇರುಸಹಿತ ಕೀಳಿಸುತ್ತಾರೆ. ಕಾಡನ್ನು ನೋಡಲು ಬಂದವನು ಕಾಡಿನ ಕಳೆ ಕೀಳುವವನಾದದ್ದು ದೊಡ್ಡ ಬದಲಾವಣೆಯೇ ಸರಿ.

ಕಳೆಯ ಕಷ್ಟ ತಮಗೆ ಹೊಸದಲ್ಲ. ಅಮೆರಿಕ ಖಂಡದ ಉಷ್ಣಪ್ರದೇಶದಿಂದ ಚೆಲುವಿಗಾಗಿ ತಂದ ಲಾಂಟಾನ ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳ ಕಾಡಿನಲ್ಲಿ ಹೇಗೆ ಹಬ್ಬಿದೆ ಎಂಬುದನ್ನು ಆ ಕಡೆಯವರು ಬಲ್ಲಿರಿ. ಅದರಡಿಯಲ್ಲಿ ಹುಲ್ಲು ಬೆಳೆಯದು. ಹುಲ್ಲಿಲ್ಲದಲ್ಲಿ ಮೇಯುವ ಪ್ರಾಣಿಗೆ ಏನು ಗತಿ? ಮಲೆ ಮಹದೇಶ್ವರ ಬೆಟ್ಟದ ಕಡೆ ಸೋಲಿಗರು ಲಾಂಟಾನದ ಕಡ್ಡಿಯಿಂದ ಕುರ್ಚಿ, ಮೇಜು ಮಾಡುವ ಕಸುಬನ್ನು ಕಲಿತಿದ್ದಾರೆ. ಕಳೆಯೂ ಕಡಮೆಯಾಗಿ ಕಾಸೂ ಬರುವ ಇಂಥ ದಾರಿಗಳು ಮೆಚ್ಚತಕ್ಕವು.

ಕಿವಿಗೊಡುವ ಕಾಲ

ಎಲ್ಲಕ್ಕಿಂತ ಮುಖ್ಯವಾದ ಬದಲಾವಣೆಯನ್ನು ಈಗ ಹೇಳುತ್ತೇನೆ. ಬಹುಕಾಲ ಅಮೆರಿಕದ ಉದ್ಯಾನಗಳಲ್ಲಿ ಕಾಡನ್ನು ಮನುಷ್ಯರಿಲ್ಲದ ಜಾಗವೆಂಬಂತೆ ವರ್ಣಿಸುತ್ತಿದ್ದರು. ವಾಸ್ತವವಾಗಿ ಅಲ್ಲಿ ಮೂಲನಿವಾಸಿಗಳು ಸಾವಿರಾರು ವರ್ಷ ಬಾಳಿದ್ದರು. ಅವರನ್ನು ಹೊರಗಟ್ಟಿದ ಮೇಲೆ ಜಾಗ ಬರಿದಾಗಿ ಕಂಡಿತು. ಕ್ಯಾಲಿಫೋರ್ನಿಯದ ಉತ್ತರ ತೀರದಲ್ಲಿ ಒಂದು ರಾಜ್ಯ ಉದ್ಯಾನವುಂಟು. ಅದು ಯೂರೋಕ್ ಎಂಬ ಮೂಲಜನರ ನಾಡು. ಆದರೆ ಉದ್ಯಾನಕ್ಕೆ ಇಟ್ಟಿದ್ದದ್ದು ಹೊರಗಿನಿಂದ ಬಂದು ನೆಲೆಸಿದವನೊಬ್ಬನ ಹೆಸರನ್ನು. 1990ರಲ್ಲಿ ಆ ಉದ್ಯಾನದೊಳಗೆ ಯೂರೋಕರ ಹಳೆಯ ರೀತಿಯ ಹಲಗೆ ಮನೆಗಳ ಹಳ್ಳಿಯನ್ನು ಕಟ್ಟಿದರು. 2021ರಲ್ಲಿ ಉದ್ಯಾನಕ್ಕೆ ಅವರದೇ ಭಾಷೆಯ ಸೂಮೆಗ್ ಎಂಬ ಹೆಸರನ್ನು ಮರಳಿ ಇಟ್ಟರು. ಕಾಡಿನ ಕಥೆಯನ್ನು ಹೇಳುವ ಹಕ್ಕು ಸಂಬಳದ ನಿಸರ್ಗತಜ್ಞನೊಬ್ಬನದೇ ಅಲ್ಲ, ಆ ನೆಲದಲ್ಲಿ ಬಾಳಿದವರದೂ ಹೌದು ಎಂಬುದನ್ನು ಒಪ್ಪಿಕೊಂಡಂತಾಯಿತು. ಈಗ ನಿಸರ್ಗತಜ್ಞ ಹೇಳುವುದರ ಜೊತೆಗೆ ಕೇಳುವುದನ್ನೂ ಕಲಿಯಬೇಕಾಗಿದೆ.

ನಮ್ಮ ನಾಡಿನಲ್ಲಿ

ನಮ್ಮ ರಾಜ್ಯದಲ್ಲಿ 1980ರಲ್ಲಿ ಜಂಗಲ್ ಲಾಡ್ಜಸ್ ಎಂಬ ಸರ್ಕಾರಿ ಸಂಸ್ಥೆ ಹುಟ್ಟಿ, ಕಬಿನಿಯ ದಡದಲ್ಲಿ ಕಾಡು ನೋಡುವವರಿಗೆ ವಸತಿ ಮಾಡಿತು. ಅಲ್ಲಿ ಜೀಪಿನಲ್ಲಿ ಕೂಡಿಸಿಕೊಂಡು ಪ್ರಾಣಿಗಳನ್ನು ತೋರಿಸುವ ನಿಸರ್ಗತಜ್ಞರಿದ್ದಾರೆ. ಆದರೆ ಇಂಥವರ ಮಾತು ಹೆಚ್ಚಾಗಿ ಕೇಳಿಸುವುದು ಜೀಪಿನಲ್ಲಿ ಕುಳಿತವರಿಗೆ. ಜೀಪಿನ ದಾರಿಯ ಪಕ್ಕದ ಹೊಲದಲ್ಲಿ ಅಟ್ಟಣೆಯ ಮೇಲೆ ರಾತ್ರಿಯೆಲ್ಲ ಎಚ್ಚರವಿರುವವನಿಗೆ ಅಲ್ಲ. ಆ ಕಾವಲಿನವನ ಅನುಭವವೂ ಜೀಪಿನವರೆಗೆ ತಲುಪುವುದು ಅಪರೂಪ. ಹಿತ್ತಲ ಗಿಡ ಮದ್ದಲ್ಲ ಎಂಬಂತಾಗಿದೆ.

ಆದರೂ ಒಳ್ಳೆಯ ಸೂಚನೆಗಳಿವೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಹುಲಿ ರಕ್ಷಿತಾರಣ್ಯದೊಳಗೆ ಸಮುದಾಯದ ಅರಣ್ಯ ಹಕ್ಕು ದೊರೆಯಿತು. 2015ರಲ್ಲಿ ವನ್ಯಜೀವಿ ಅಧ್ಯಯನ ಕೇಂದ್ರದವರು ಬಂಡೀಪುರ, ನಾಗರಹೊಳೆಗಳ ಸುತ್ತಲ ಊರುಗಳಿಗಾಗಿ ವೈಲ್ಡ್ ಸೇವೆ ಎಂಬ ಏರ್ಪಾಡನ್ನು ಆರಂಭಿಸಿದರು. ಕಾಡುಪ್ರಾಣಿಯಿಂದ ಬೆಳೆ, ಜಾನುವಾರು ನಷ್ಟವಾದ ರೈತ ದೂರವಾಣಿಯಲ್ಲಿ ತಿಳಿಸಿದರೆ, ಅವರ ಕಡೆಯವರು ಬಂದು ನೋಡಿ, ಸರ್ಕಾರದ ಪರಿಹಾರಕ್ಕೆ ಅರ್ಜಿ ಹಾಕಲು ನೆರವಾಗುವ ಏರ್ಪಾಡು ಅದು. ಹುಲಿಯ ಹೆಜ್ಜೆಯನ್ನು ಓದಬಲ್ಲವರು ರೈತನ ಅರ್ಜಿಯನ್ನೂ ಬರೆಯತೊಡಗಿದ್ದು ಸಣ್ಣ ಮಾತಲ್ಲ.

ತಾವು ಮಾಡಬಹುದಾದದ್ದು

ಇದೆಲ್ಲವನ್ನೂ ಕೇಳಿ ಮನೆಗೆ ಹೋಗುವ ಮೊದಲು, ತಮ್ಮ ಕೈಲಿ ಆಗುವ ಕೆಲವು ಕೆಲಸಗಳನ್ನು ಹೇಳುತ್ತೇನೆ.

1. ಊರಿಗೆ ಒಂದು ಲೆಕ್ಕದ ಪುಸ್ತಕವಿಡಿ. ಯಾವ ದಿನ, ಯಾವ ಹೊಲಕ್ಕೆ, ಯಾವ ಪ್ರಾಣಿ, ಯಾವ ದಿಕ್ಕಿನಿಂದ ಬಂತು, ಎಷ್ಟು ಬೆಳೆ ಹೋಯಿತು ಎಂದು ಓದುಬರಹ ಬಲ್ಲ ಹುಡುಗ ಹುಡುಗಿಯರಿಂದ ಬರೆಸಿ. ಎರಡು ಮೂರು ವರ್ಷಗಳ ಲೆಕ್ಕ ಕೂಡಿದರೆ ಆನೆಯ ದಾರಿ, ಬರುವ ತಿಂಗಳು ಎರಡೂ ಗೊತ್ತಾಗುತ್ತವೆ. ಬಾಯಿಮಾತಿನ ದೂರಿಗಿಂತ ಇಂಥ ಪುಸ್ತಕಕ್ಕೆ ಬೆಲೆ ಹೆಚ್ಚು.

2. ನಷ್ಟವಾದಾಗ ತಡಮಾಡದೆ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ತಿಳಿಸಿ. ಹಾಳಾದ ಬೆಳೆಯ ಚಿತ್ರ ತೆಗೆದಿಟ್ಟುಕೊಳ್ಳಿ. ಪಹಣಿ ಮೊದಲಾದ ಕಾಗದಗಳನ್ನು ಸಿದ್ಧವಾಗಿಡಿ.

3. ಬೇಲಿಗೆ ನೇರವಾಗಿ ವಿದ್ಯುತ್ ಹರಿಸಬೇಡಿ, ಉರುಳು ಒಡ್ಡಬೇಡಿ. ಅದು ಕಾನೂನಿಗೆ ವಿರುದ್ಧ. ಆನೆಯನ್ನು ಕೊಂದ ತಂತಿ ಕತ್ತಲಲ್ಲಿ ಮಗನನ್ನೂ ಎತ್ತನ್ನೂ ಗುರುತು ಹಿಡಿಯುವುದಿಲ್ಲ.

4. ಸಮೀಪದ ವನಧಾಮದ ನಿಸರ್ಗತಜ್ಞರನ್ನೂ ಅರಣ್ಯ ಸಿಬ್ಬಂದಿಯನ್ನೂ ವರ್ಷಕ್ಕೊಮ್ಮೆಯಾದರೂ ಗ್ರಾಮಸಭೆಗೆ, ಶಾಲೆಗೆ ಕರೆಯಿರಿ. ಭಾಷಣಕ್ಕೆ ಮಾತ್ರ ಕರೆಯಬೇಡಿ. ಅವರು ಅರ್ಧ ಗಂಟೆ ಹೇಳಲಿ, ಉಳಿದ ಅರ್ಧ ಗಂಟೆ ಕೇಳಲಿ.

5. ಲಾಂಟಾನ ತೆಗೆಯುವ ಕೆಲಸವಿದ್ದಲ್ಲಿ ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು ಕೂಡಿ ಮಾಡಿ. ತಾವೇ ಬೆಂಕಿ ಹಚ್ಚುವ ಯೋಚನೆ ಬೇಡ.

6. ಊರಿನ ತರುಣ ತರುಣಿಯರಲ್ಲಿ ಹಕ್ಕಿಯ ಕೂಗನ್ನೂ ಪ್ರಾಣಿಯ ಹೆಜ್ಜೆಯನ್ನೂ ಬಲ್ಲವರಿದ್ದರೆ, ಅದು ಹೊತ್ತು ಕಳೆಯುವ ಚಟವೆಂದು ಬೈಯಬೇಡಿ. ಇಂದು ಅದೂ ಒಂದು ಕಸುಬು. ಕಾನ್ಸಾಸಿನ ಒಕ್ಕಲು ಮಗನಿಗೆ ಸಾಧ್ಯವಾದದ್ದು ನಮ್ಮ ಮಕ್ಕಳಿಗೂ ಸಾಧ್ಯ.

ಬಾಂಧವರೇ, ಕಾಡು ತೋರಿಸುವವನು ಮೊದಲು ಹೆಸರು ಹೇಳಿದ. ಆಮೇಲೆ ಯೋಚಿಸಲು ಹಚ್ಚಿದ. ಆಮೇಲೆ ಕಾಡಿನ ಕೇಡನ್ನು ತೋರಿಸಿ, ಜನರ ಕೈಗೆ ಕೆಲಸ ಕೊಟ್ಟ. ಈಗ ಕಾಡಿನ ನೆರೆಯವರ ಮಾತಿಗೆ ಕಿವಿಗೊಡುವ ಹೊತ್ತು ಬಂದಿದೆ. ಅವನು ಕಿವಿಗೊಟ್ಟಾಗ ಹೇಳಲು ನಮ್ಮ ಬಳಿ ದೂರು ಮಾತ್ರ ಇದ್ದರೆ ಸಾಲದು. ತಾರೀಖು ಹಾಕಿ ಬರೆದಿಟ್ಟ ಲೆಕ್ಕವಿರಬೇಕು, ಕಣ್ಣಾರೆ ಕಂಡ ಸಂಗತಿಗಳಿರಬೇಕು. ಮುಂದಿನ ಸುಗ್ಗಿಯ ಕಾವಲು ಹಾಕುವ ದಿನವೇ ಆ ಪುಸ್ತಕದ ಮೊದಲ ಸಾಲನ್ನು ಬರೆಸಿ.